ಮನೆಯ ಗಣಕದ ಮೊಂಡು ಸೋಂಕು ಮತ್ತು ಪಂಚಾಯಿತಿಯ ಕರ್ತವ್ಯ

ಮನೆಯ ಕಂಪ್ಯೂಟರಿಗೆ ಕುತಂತ್ರಾಂಶ ಹೊಕ್ಕಿದೆಯೆಂಬ ಸಂಶಯ ಮೂಡಿದೊಡನೆ ಗೃಹಸ್ಥರು ಸಾಮಾನ್ಯವಾಗಿ ಮಾಡುವುದೆಂದರೆ, ಒಂದಾದಮೇಲೊಂದು ಆಂಟಿವೈರಸ್ಸನ್ನು ತಂದು ಹಾಕಿ, ಪ್ರತಿಯೊಂದೂ ‘ದೋಷವಿಲ್ಲ’ ಎಂದು ಸಾರುವವರೆಗೆ ಕಾದು ಕುಳಿತುಕೊಳ್ಳುವುದು. ಕೆಲವು ದಿನ ನೆಮ್ಮದಿ. ಅನಂತರ ಬ್ರೌಸರಿನ ಮುಖಪುಟ ತಾನಾಗಿ ಬದಲಾಗುತ್ತದೆ, ಕೇಳದ ಜಾಹೀರಾತು ತಲೆಯೆತ್ತುತ್ತದೆ, ಯಾವ ಕೆಲಸವೂ ನಡೆಯದಿರುವಾಗಲೂ ಫ್ಯಾನು ಭೋರ್ಗರೆಯುತ್ತದೆ. ಹೀಗೆ ಮರಳಿ ಮರಳಿ ಬರುವ ಸೋಂಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ನಿಶ್ಚಿತವಾದದ್ದು: ಅಂಥ ಯಂತ್ರವನ್ನು ಶೋಧಿಸುತ್ತಲೇ ಇರುವ ಹಠವನ್ನು ತೊರೆದು, ಬೇಕಾದ ಕಡತಗಳನ್ನಷ್ಟೇ ಉಳಿಸಿಕೊಂಡು, ಡಿಸ್ಕನ್ನು ಪೂರ್ತಿಯಾಗಿ ಅಳಿಸಿ, ವಿಂಡೋಸನ್ನು ಹೊಸದಾಗಿ ಅನುಸ್ಥಾಪಿಸತಕ್ಕದ್ದು, ಮತ್ತು ಅದಕ್ಕೆ ಬೇಕಾದ ನೆರವು ಊರಿನ ಗ್ರಂಥಾಲಯದಲ್ಲಿಯೇ ದೊರೆಯುವಂತಾಗಬೇಕು.

ಹೆಸರಘಟ್ಟದ ತೋಟಗಳಲ್ಲಿ ಕಳೆ ಕಿತ್ತವರು ಕೊನ್ನಾರಿಯ ಸ್ವಭಾವವನ್ನು ಬಲ್ಲರು. ಹುಲ್ಲನ್ನು ಎಷ್ಟು ಸಲ ಕಿತ್ತರೂ, ಮಣ್ಣಿನಾಳದಲ್ಲಿ ಹಬ್ಬಿದ ಗೆಡ್ಡೆಗಳಲ್ಲಿ ಒಂದುಳಿದರೂ, ಮಳೆ ಬಿದ್ದ ವಾರದಲ್ಲಿ ಪಾತಿ ಮತ್ತೆ ಹಸುರಾಗುತ್ತದೆ. ಮೊಂಡು ಕುತಂತ್ರಾಂಶದ ರಚನೆಯೂ ಇಂಥದೇ. ಕಣ್ಣಿಗೆ ಬಿದ್ದ ಕಡತವನ್ನು ಅಳಿಸಿದರೂ, ರಿಜಿಸ್ಟ್ರಿಯಲ್ಲಿ ಬರೆದಿಟ್ಟ ಒಂದೇ ಸಾಲು ಯಂತ್ರವನ್ನು ಚಾಲೂ ಮಾಡಿದೊಡನೆ ಅದರ ಸಂಗಾತಿಯನ್ನು ಎಬ್ಬಿಸುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಸಂಭಾವಿತ ಹೆಸರನ್ನು ಧರಿಸಿ ಅಡಗಿದ ಆಜ್ಞೆಯೊಂದು ಹೊತ್ತುಹೊತ್ತಿಗೆ ಎದ್ದು, ಅಳಿಸಿದ್ದನ್ನು ಅಂತರಜಾಲದಿಂದ ಪುನಃ ಇಳಿಸಿಕೊಳ್ಳುತ್ತದೆ. ಪರಸ್ಪರ ಕಾವಲಿರುವ ಎರಡು ಪ್ರಕ್ರಿಯೆಗಳಲ್ಲಿ ಒಂದನ್ನು ನಿಲ್ಲಿಸಿದರೆ ಇನ್ನೊಂದು ಅದಕ್ಕೆ ಜೀವ ಕೊಡುತ್ತದೆ. ವಿಂಡೋಸಿನ ಸ್ವಂತ ಆಂಟಿವೈರಸ್ಸಾದ ಡಿಫೆಂಡರಿನ ವಿನಾಯಿತಿ ಪಟ್ಟಿಗೆ ಸೇರಿಕೊಂಡ ಫೋಲ್ಡರಿನತ್ತ ಡಿಫೆಂಡರು ದೃಷ್ಟಿಯನ್ನೇ ಹಾಯಿಸುವುದಿಲ್ಲ. ರೂಟ್‌ಕಿಟ್ ಜಾತಿಯದಂತೂ ವಿಂಡೋಸಿನ ಒಳಗೇ ಕುಳಿತು, ಹುಡುಕಲು ಬಂದ ತಂತ್ರಾಂಶಕ್ಕೆ ಸುಳ್ಳು ಸಾಕ್ಷ್ಯ ನುಡಿಯಬಲ್ಲುದು. ವಿಂಡೋಸ್ ಏಳುವ ಮುನ್ನವೇ ಪರೀಕ್ಷೆ ನಡೆಸುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂಬ ಸೌಲಭ್ಯವನ್ನು ಕಲ್ಪಿಸಿರುವುದು ಈ ಕಾರಣಕ್ಕಾಗಿಯೇ. ಇಷ್ಟೆಲ್ಲ ಗೆದ್ದ ಬಳಿಕವೂ, ಬ್ರೌಸರಿನ ಖಾತೆಗೆ ಮರಳಿ ಪ್ರವೇಶಿಸಿದ ಕ್ಷಣದಲ್ಲಿ ಸಿಂಕ್ ವ್ಯವಸ್ಥೆಯು ಹಳೆಯ ದುಷ್ಟ ಎಕ್ಸ್‌ಟೆನ್ಷನ್ನನ್ನು ಜೋಪಾನವಾಗಿ ತಂದೊಪ್ಪಿಸುವುದುಂಟು.

ಆದರೆ ನನ್ನ ವಾದಕ್ಕೆ ಇದಕ್ಕಿಂತಲೂ ಗುರುತರವಾದ ಆಧಾರವಿದೆ. ಇಂದಿನ ಕುತಂತ್ರಾಂಶದ ಮುಖ್ಯ ಉದ್ದೇಶ ಯಂತ್ರವನ್ನು ಕೆಡಿಸುವುದಲ್ಲ, ಕದಿಯುವುದು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಲಾಗಿನ್ ಕುಕಿಗಳನ್ನೂ ದೋಚಿ ಮಾರುವುದು. ಲುಮ್ಮಾ ಎಂಬ ಇಂಥದೊಂದು ಕುತಂತ್ರಾಂಶದ ಜಾಲವನ್ನು 2025ರ ಮೇ ತಿಂಗಳಲ್ಲಿ ಮುರಿದಾಗ, ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳಲ್ಲಿ ಅದನ್ನು ಗುರುತಿಸಿದ್ದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಯಾವ ಯಂತ್ರದಲ್ಲಿ ಕುಳಿತು ಬ್ಯಾಂಕಿನ ವ್ಯವಹಾರ ಮಾಡುತ್ತೇವೆಯೋ, ಪಹಣಿ ತೆಗೆಯುತ್ತೇವೆಯೋ, ಮಕ್ಕಳ ಶುಲ್ಕ ಕಟ್ಟುತ್ತೇವೆಯೋ, ಆ ಯಂತ್ರವು ‘ಬಹುಶಃ ಶುದ್ಧ’ವಾಗಿದ್ದರೆ ಸಾಲದು.

ಹಾಗಿದ್ದರೂ ಡಿಸ್ಕನ್ನು ಅಳಿಸುವ ಈ ದಾರಿಗೆ ಜನ ಏಕೆ ಹಿಂಜರಿಯುತ್ತಾರೆ? ಅವರ ಭಯ ನ್ಯಾಯವಾದದ್ದೇ. ಮದುವೆಯ ಛಾಯಾಚಿತ್ರಗಳು, ತಂದೆಯವರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಪತ್ರಗಳು, ತೋಟದ ಲೆಕ್ಕ, ಎಲ್ಲವೂ ಆ ಒಂದೇ ಡಿಸ್ಕಿನಲ್ಲಿರುತ್ತವೆ. ಬೇರೆಡೆ ಪ್ರತಿ ಇರುವುದಿಲ್ಲ. ಅಂಗಡಿಗೆ ಒಯ್ದರೆ, ಕೆಲವೆಡೆ ಪರವಾನಗಿಯಿಲ್ಲದ ವಿಂಡೋಸನ್ನು ಹಾಕಿ, ಅದನ್ನು ನಡೆಸಲು ‘ಕ್ರ್ಯಾಕ್’ ಎಂಬ ಆಕ್ಟಿವೇಟರನ್ನೂ ಸೇರಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಆಂಟಿವೈರಸ್ಸನ್ನು ನಿಲ್ಲಿಸಿದ ಹೊರತು ಕೆಲಸ ಮಾಡದ ಆ ಆಕ್ಟಿವೇಟರೇ ಎಷ್ಟೋ ವೇಳೆ ರೋಗದ ವಾಹಕ. ವಾಸ್ತವವಾಗಿ, ಅಧಿಕೃತ ವಿಂಡೋಸ್ 10 ಅಥವಾ 11ರೊಡನೆ ಕೊಂಡ ಯಂತ್ರದಲ್ಲಿ ಪರವಾನಗಿಯು ಯಂತ್ರಕ್ಕೇ ಅಂಟಿರುವುದರಿಂದ, ಅದೇ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಅದು ತಾನಾಗಿಯೇ ಊರ್ಜಿತವಾಗುತ್ತದೆಂಬುದನ್ನು ಬಲ್ಲವರು ವಿರಳ.

ಕ್ರಮ ಕಠಿಣವೇನಲ್ಲ. ಮೊದಲು ರೋಗಗ್ರಸ್ತ ಯಂತ್ರದ ಅಂತರಜಾಲವನ್ನು ಕಡಿದು, ಚಿತ್ರಗಳನ್ನೂ ದಾಖಲೆಗಳನ್ನೂ ಮಾತ್ರ ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಪ್ರೋಗ್ರಾಮುಗಳನ್ನಾಗಲಿ ಡೌನ್‌ಲೋಡ್ ಫೋಲ್ಡರಿನ ಸೆಟಪ್ ಕಡತಗಳನ್ನಾಗಲಿ ಎಷ್ಟು ಮಾತ್ರಕ್ಕೂ ಒಯ್ಯಕೂಡದು. ಶುದ್ಧವಾದ ಬೇರೊಂದು ಯಂತ್ರದಲ್ಲಿ, ಮೈಕ್ರೋಸಾಫ್ಟಿನ ಸ್ವಂತ ತಾಣದಿಂದ, 8 ಜಿಬಿಯ ಖಾಲಿ ಪೆನ್‌ಡ್ರೈವಿನ ಮೇಲೆ ಅನುಸ್ಥಾಪನೆಯ ಪ್ರತಿಯನ್ನು ಸಿದ್ಧಪಡಿಸಿ, ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಹಳೆಯ ಪಾರ್ಟಿಷನ್ನುಗಳನ್ನೆಲ್ಲ ಅಳಿಸಿ ಮುಂದುವರಿಯಬೇಕು. ಪಾಸ್‌ವರ್ಡುಗಳನ್ನು ಬದಲಾಯಿಸುವುದು ಬೇರೆ ಶುದ್ಧ ಸಾಧನದಿಂದ. ಎಲ್ಲ ಕಡೆಯಿಂದಲೂ ಸೈನ್‌ಔಟ್ ಮಾಡಿಸಿದ ಹೊರತು ಕದ್ದ ಕುಕಿಗಳು ನಿಷ್ಫಲವಾಗವು. ‘ನುಡಿ’ ತಂತ್ರಾಂಶ ಬೇಕಾದವರು ಅದನ್ನು ಕನ್ನಡ ಗಣಕ ಪರಿಷತ್ತಿನಿಂದಲೇ ಪಡೆಯಲಿ, ಹುಡುಕಾಟದಲ್ಲಿ ಮೊದಲು ಕಂಡ ಯಾವುದೋ ತಾಣದಿಂದಲ್ಲ.

ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತಿದೆ. ಲಘುವಾದ ಸೋಂಕಿಗೆ ಅವನ್ನು ಬಳಸುವುದು ಯುಕ್ತವೇ. 2018ರಲ್ಲಿ ಪತ್ತೆಯಾದ ಲೋಜ್ಯಾಕ್ಸ್‌ನಂತೆ, ಮದರ್‌ಬೋರ್ಡಿನ ಫರ್ಮ್‌ವೇರನ್ನೇ ಸೇರಿ ಡಿಸ್ಕು ಅಳಿಸಿದರೂ ಬದುಕುವಂಥವೂ ಉಂಟು, ಆದರೆ ಸಾಮಾನ್ಯ ಗೃಹಸ್ಥರಿಗೆ ಅವುಗಳ ಬಾಧೆ ಅತ್ಯಂತ ಅಪರೂಪ.

ದಿವಾನ್ ಶೇಷಾದ್ರಿ ಅಯ್ಯರರ ಆಡಳಿತದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ನೀರನ್ನು ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯಲ್ಲಿ ಹರಿಸಿದಾಗ, ಶುದ್ಧ ಜಲವು ಪ್ರತಿಯೊಬ್ಬನ ಬಾವಿಯ ಭಾಗ್ಯವಾಗಿ ಉಳಿಯದೆ ಸಾರ್ವಜನಿಕ ಹೊಣೆಯಾಯಿತು. ಆ ವಿವೇಕವನ್ನು ಮನೆಯ ಕಂಪ್ಯೂಟರಿನ ಶುದ್ಧಿಗೂ ವಿಸ್ತರಿಸಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅನೇಕ ಕಡೆ ಕಂಪ್ಯೂಟರೂ ಅಂತರಜಾಲವೂ ಉಂಟು. ಹೆಸರಘಟ್ಟ ಹೋಬಳಿಯಿಂದಲೇ ಆರಂಭಿಸಿ, ಪ್ರತಿಯೊಂದರಲ್ಲಿಯೂ ಆಗಿಂದಾಗ್ಗೆ ನವೀಕರಿಸಿದ ವಿಂಡೋಸಿನ ಒಂದು ಪೆನ್‌ಡ್ರೈವನ್ನೂ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ ನಿರಾಶ್ರಿತವಾದ ಹಳೆಯ ಯಂತ್ರಗಳಿಗಾಗಿ ಲಿನಕ್ಸಿನ ಮತ್ತೊಂದನ್ನೂ, ಕಡತಗಳನ್ನು ತಾತ್ಕಾಲಿಕವಾಗಿ ಇರಿಸಲು ಒಂದು ಡಿಸ್ಕನ್ನೂ ಒದಗಿಸಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರಾಜ್ಯ ಸರ್ಕಾರ ನಡೆಸಿದ ಸೈಬರ್ ಭದ್ರತಾ ಕೇಂದ್ರದಂಥವು ಗ್ರಂಥಪಾಲಕರಿಗೆ ತರಬೇತಿ ಕೊಡಲಿ. ಒಂದು ನಿಯಮವನ್ನು ಮಾತ್ರ ಆರಂಭದಲ್ಲಿಯೇ ಕಟ್ಟುನಿಟ್ಟಾಗಿ ವಿಧಿಸಬೇಕು: ಯಂತ್ರದ ಒಡೆಯರು, ವಿಶೇಷವಾಗಿ ಮನೆಯ ಹೆಣ್ಣುಮಕ್ಕಳು, ಕೆಲಸ ಮುಗಿಯುವವರೆಗೆ ಪಕ್ಕದಲ್ಲಿಯೇ ಕುಳಿತಿರಬೇಕು, ಅವರ ಪಾಸ್‌ವರ್ಡನ್ನು ಯಾರೂ ಕೇಳಕೂಡದು, ತಾತ್ಕಾಲಿಕ ಡಿಸ್ಕಿನ ಮೇಲಿನ ಪ್ರತಿಯನ್ನು ಅವರ ಕಣ್ಣೆದುರಿಗೇ ಅಳಿಸತಕ್ಕದ್ದು.