ಜಪಾನಿನದಾದರೆ ಕಲೆ, ಆಚಾರಿಯದಾದರೆ ಬರೀ ಕತ್ತಿ!

ಒಂದು ಕತ್ತಿಗೆ 7,000 ರೂಪಾಯಿ ಕೊಡುವವರನ್ನು ನಾನು ಬೈಯುವುದಿಲ್ಲ. ಅವರವರ ದುಡ್ಡು, ಅವರವರ ಖುಷಿ. ಆದರೆ ಅದೇ ಮನುಷ್ಯ ನಮ್ಮೂರಿನ ಕುಲುಮೆಯೆದುರು ನಿಂತು, 600 ರೂಪಾಯಿಯ ಕತ್ತಿಗೆ "ಐನೂರಕ್ಕೆ ಕೊಡಿ ಆಚಾರ್ರೇ" ಅಂತ ಚೌಕಾಸಿಗಿಳಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಇವತ್ತು ಆ ಸಿಟ್ಟನ್ನೇ ಬರೆಯುತ್ತಿದ್ದೇನೆ. ಇಷ್ಟವಾಗದಿದ್ದರೆ ನೀವೂ ಬೈಯಿರಿ, ಕಮೆಂಟು ಪೆಟ್ಟಿಗೆ ತೆರೆದೇ ಇದೆ :)

ವಿಷಯ ಇಷ್ಟೇ. ಪುತ್ತೂರು, ಸುಳ್ಯ, ಕಡಬದ ಕಡೆಯ ಕೆಲವು ಹುಡುಗರಿಗೆ ಈಗ ಜಪಾನಿ ಕತ್ತಿಗಳ ಮರುಳು ಹಿಡಿದಿದೆ. ಮಡಚಲು ಬಾರದ ಗಟ್ಟಿ ಅಲಗು, ಟಾಂಟೋ ಅಂತ ಹೆಸರು, ಹಿಡಿಗೆ ಅಡ್ಡಡ್ಡ ಹುರಿ ಸುತ್ತಿ ನಡುನಡುವೆ ವಜ್ರದಾಕಾರದ ಕಿಟಕಿ. ಯೂಟ್ಯೂಬಿನಲ್ಲಿ ನೋಡುವುದು, ಆನ್‌ಲೈನಿನಲ್ಲಿ ತರಿಸುವುದು, ಗೋಡೆಗೆ ತೂಗುಹಾಕುವುದು. ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆ ಹುರಿ ಬರೀ ಅಲಂಕಾರವೂ ಅಲ್ಲ, ಬೆವರಿದ ಕೈ ಜಾರದಿರಲಿ ಅಂತ ಸುತ್ತುವುದು. ಜಪಾನಿನ ಹಳೆಯ ಖಡ್ಗಗಳಲ್ಲಿ ಹುರಿಯ ಕೆಳಗೆ ಏನು ಹಾಕುತ್ತಾರೆ ಗೊತ್ತೇ? ತೊರಕೆ ಮೀನಿನ ಚರ್ಮ! ನಾವು ಮಾರ್ಕೆಟ್ಟಿನಿಂದ ತಂದು ಸಾರು ಮಾಡುವ ಮೀನಿನ ಬಳಗದ್ದೇ. ಚರ್ಮ ಒರಟು, ಹಾಗಾಗಿ ಹುರಿ ಅಲುಗಾಡುವುದಿಲ್ಲ.

ನಮ್ಮಲ್ಲಿ ಮಳೆಗಾಲದಲ್ಲಿ ಸೊಪ್ಪು ಕಡಿಯಲು ಕುಮ್ಕಿಗೆ ಹೋಗುವವರು ಕತ್ತಿಯ ಹಿಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಿಕೊಳ್ಳುತ್ತಾರಲ್ಲ, ಅದರ ಹಿಂದಿರುವುದೂ ಅದೇ ಬುದ್ಧಿ. ಅವರದು ಫೋಟೋದಲ್ಲಿ ಚಂದ ಕಾಣುತ್ತದೆ, ನಮ್ಮದು ಕಾಣುವುದಿಲ್ಲ.

"ಹಿಡಿ ಬಿಡಿ, ಜಪಾನಿನ ಉಕ್ಕಿನ ಮುಂದೆ ನಮ್ಮದು ಯಾವ ಲೆಕ್ಕ?" ಅನ್ನುವವರಿದ್ದಾರೆ. ಸ್ವಾಮೀ, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದರು. ಅದರಲ್ಲಿ ಅವರು ಕರೆದ ಹೆಸರು 'ವೂಟ್ಸ್'. ನಮ್ಮ ಕನ್ನಡದ 'ಉಕ್ಕು' ಎಂಬ ಮಾತೇ ಹಾಗಾಯಿತು ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಇದನ್ನು ಹೇಳಿ ಎದೆ ತಟ್ಟಿಕೊಳ್ಳಲು ನನಗೆ ಆಸೆಯಿಲ್ಲ. ಆ ಮೂಸೆಯ ಉಕ್ಕು ಯಾವತ್ತೋ ನಿಂತುಹೋಯಿತು. ನನ್ನ ಮಾತು ಈಗ ಬದುಕಿರುವ ವಿದ್ಯೆಯ ಬಗ್ಗೆ.

ನಮ್ಮ ಆಚಾರಿ ತೆಗೆದುಕೊಳ್ಳುವುದು ಲಾರಿ, ಜೀಪಿನ ಹಳೆ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ಇಂಗಾಲ ಹೆಚ್ಚುಕಡಿಮೆ ಶೇಕಡಾ 0.6. ಗೆರಟೆ ಇದ್ದಿಲಿನಲ್ಲಿ ಕಾಯಿಸಿ ಬಡಿದು ಅಲಗು ತೆಗೆದ ಮೇಲೆ, ಕೆಂಪಗೆ ಕಾದ ಬಾಯನ್ನಷ್ಟೇ ನೀರಿಗೆ ಮುಟ್ಟಿಸುತ್ತಾರೆ. ಬಾಯಿ ಗಡಸಾಗುತ್ತದೆ, ಬೆನ್ನು ಮೆದುವಾಗಿಯೇ ಉಳಿಯುತ್ತದೆ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲಗೆ ಬಾಯಿಯ ಕಡೆ ಹರಿಯುವಾಗ ಬಣ್ಣ ನೋಡುತ್ತಾ ಕೂರುತ್ತಾರೆ. ಒಣಹುಲ್ಲಿನ ಬಣ್ಣ ಬಂತೋ, ಮತ್ತೆ ನೀರಿಗೆ. ತಡಮಾಡಿದರೆ ನೀಲಿಗೆ ತಿರುಗಿ ಬಾಯಿ ಮೆತ್ತಗಾಗುತ್ತದೆ. ಥರ್ಮಾಮೀಟರ್ ಇಲ್ಲ, ಕಣ್ಣೇ ಎಲ್ಲ. ಜಪಾನಿನ ಖಡ್ಗದ ಕಮ್ಮಾರ ಬೆನ್ನಿಗೆ ದಪ್ಪಗೆ ಮಣ್ಣು ಮೆತ್ತಿ ನೀರಿಗೆ ಅದ್ದುವುದೂ ಇದಕ್ಕೇ: ಬಾಯಿ ಗಡಸು, ಬೆನ್ನು ಮೆದು. ಅದಕ್ಕೆ ಡಾಕ್ಯುಮೆಂಟರಿ, ಹಿನ್ನೆಲೆ ಸಂಗೀತ. ಇದಕ್ಕೆ "ಐನೂರಕ್ಕೆ ಕೊಡಿ"!

ಇನ್ನೊಂದು ಮಾತು. ಜಪಾನಿನ ಒಳ್ಳೆಯ ಅಡುಗೆ ಚೂರಿಯ ಬಾಯಲ್ಲಿ ಇಂಗಾಲ ಶೇಕಡಾ 1ಕ್ಕಿಂತ ಹೆಚ್ಚಿರುವುದುಂಟು. ಮೀನನ್ನು ಕಾಗದದಷ್ಟು ತೆಳ್ಳಗೆ ಕೊಯ್ಯಲು ಅದೇ ಸರಿ. ಅದರಲ್ಲಿ ಒಮ್ಮೆ ತೆಂಗಿನಕಾಯಿ ಒಡೆದು ನೋಡಿ, ಬಾಯಿ ಚಕ್ಕೆ ಏಳುತ್ತದೆ. ನಮ್ಮ ತೋಟದ ಕೆಲಸಕ್ಕೆ ಬೇಕಾದದ್ದು ಪೆಟ್ಟು ತಿಂದು ತಡೆದುಕೊಳ್ಳುವ ಕತ್ತಿ. ಅದನ್ನು ಇಲ್ಲಿನ ಮಳೆ, ಇಲ್ಲಿನ ಮರ, ಇಲ್ಲಿನ ಕೈ ಬಲ್ಲವನೇ ಮಾಡಬೇಕು. ಎಡಗೈಯವರಿಗೆ ಬೇರೆ, ಗಿಡ್ಡ ಇದ್ದವರಿಗೆ ಬೇರೆ ಅಂತ ಹಾರ್ಡ್‌ವೇರ್ ಅಂಗಡಿಯ ಕತ್ತಿ ಬರುವುದಿಲ್ಲ. ಬಾಯಿ ಹೋದರೆ ಮತ್ತೆ ಬಡಿದು ಕೊಡುವವರೂ ಅಲ್ಲಿಲ್ಲ, ಬಿಸಾಡಿ ಹೊಸದು ತಗೊಳ್ಳಿ ಅನ್ನುತ್ತಾರೆ.

ಜಪಾನಿನವರಿಂದ ಕಲಿಯಲಿಕ್ಕೇ ಇಲ್ಲ ಅಂದೆನೇ? ಇದೆ! ಅವರ ಸರ್ಕಾರ ಎಚಿಜೆನ್ ಊರಿನ ಕತ್ತಿಗಳನ್ನು 1979ರಲ್ಲಿ, ಸಕಾಯ್‌ನದನ್ನು 1982ರಲ್ಲಿ, ತೊಸಾದ್ದನ್ನು 1998ರಲ್ಲಿ ಸಾಂಪ್ರದಾಯಿಕ ಕಲೆಯೆಂದು ಅಧಿಕೃತವಾಗಿ ಗುರುತಿಸಿತು. ತೊಸಾದಲ್ಲಿ ಹೆಸರಾದದ್ದು ಕಾಡು, ತೋಟದ ಕತ್ತಿಗಳೇ, ಥೇಟ್ ನಮ್ಮ ಸುಳ್ಯದ ಹಾಗೆ. ಅಲಗಿನ ಮೇಲೆ ಮಾಡಿದವನ ಗುರುತು ಇರುತ್ತದೆ. ಕೊಳ್ಳುವವನು ಆ ಗುರುತಿಗೆ ದುಡ್ಡು ಕೊಡುತ್ತಾನೆ. ನಮ್ಮ ಅಡಿಕೆ ತೋಟಗಳಲ್ಲಿರುವ ಸಾವಿರಾರು ಕತ್ತಿಗಳಲ್ಲಿ ಎಷ್ಟರ ಮೇಲೆ ಹೆಸರಿದೆ ಹೇಳಿ?

ಈಗ ನೀವು ಕೇಳಬಹುದಾದ ಪ್ರಶ್ನೆ: "ಆಚಾರಿಯ ಮಗ ಕುಲುಮೆಯಲ್ಲೇ ಬೇಯಬೇಕು ಅಂತೀರಾ? ಅವನೂ ಇಂಜಿನಿಯರ್ ಆಗಬಾರದೇ?" ಸರಿಯಾದ ಪ್ರಶ್ನೆ. ಖಂಡಿತ ಆಗಲಿ! ಜಾತಿ ನೋಡಿ ಕೆಲಸ ಹಂಚುವ ಕಾಲ ಹೋಗಲೇಬೇಕು. ಆದರೆ ಕೆಲಸ ಕಲಿಯಬೇಕೆಂದು ಆಸೆಯಿರುವ ಯಾವ ಜಾತಿಯ ಹುಡುಗ ಹುಡುಗಿಯೂ ಇವತ್ತು ಕುಲುಮೆಗೆ ಬರುವುದಿಲ್ಲ, ಯಾಕೆಂದರೆ ಅದರಲ್ಲಿ ಹೊಟ್ಟೆ ತುಂಬುವುದಿಲ್ಲ. ಎಚಿಜೆನ್‌ನಲ್ಲಿ ಕಮ್ಮಾರರ ಮನೆತನದವರಲ್ಲದ ಯುವಕರೂ ಬಂದು ಕಲಿಯುತ್ತಾರೆ. ಸರಿಯಾದ ಬೆಲೆ ಸಿಕ್ಕರೆ ವಿದ್ಯೆ ಜಾತಿಯನ್ನು ದಾಟುತ್ತದೆ, ಸಿಗದಿದ್ದರೆ ಜಾತಿಯೊಳಗೇ ಸಾಯುತ್ತದೆ.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿ, ತರಬೇತಿ, ಕಡಿಮೆ ಬಡ್ಡಿಯ ಸಾಲ. ಒಳ್ಳೆಯದೇ. ಆದರೆ ಸರ್ಕಾರ ಸುತ್ತಿಗೆ ಕೊಡಬಹುದು, ಗಿರಾಕಿಯನ್ನು ಕೊಡಲಾಗುವುದಿಲ್ಲವಲ್ಲ. ಗಿರಾಕಿ ನಾವು.

ಗೋಡೆಯ ಕತ್ತಿಯವರಿಗೊಂದು ಕಿವಿಮಾತು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಬಿಟ್ಟು. ಆಚಾರಿಯ ಕತ್ತಿ ಅನ್ನ ಹುಟ್ಟಿಸುವ ಸಾಮಾನು. ಅದಕ್ಕೂ, ಫೇಸ್‌ಬುಕ್ಕಿನಲ್ಲಿ ಝಳಪಿಸುವ ತಲವಾರಿಗೂ ವ್ಯತ್ಯಾಸ ಕಾನೂನಿಗೆ ಗೊತ್ತಿದೆ, ನಮಗೂ ಗೊತ್ತಿರಲಿ.

ಪಡುಮಲೆಯಿಂದ ಎಣ್ಮೂರಿನವರೆಗೆ ಕೋಟಿ ಚೆನ್ನಯರ ನೆನಪು ಹರಡಿರುವ ನಾಡಿದು. ಗರಡಿಯ ಸುರಿಯಕ್ಕೆ ಕೈ ಮುಗಿಯುತ್ತೇವೆ, ಭೂತದ ಕಡ್ತಲೆಗೆ ತಲೆ ಬಾಗುತ್ತೇವೆ, ಆಯುಧಪೂಜೆಗೆ ಮೆಟ್ಟುಕತ್ತಿಗೂ ಹೂ ಇಡುತ್ತೇವೆ. ಕತ್ತಿ ಮಾಡಿದವನ ಹತ್ತಿರ ಮಾತ್ರ ನೂರು ರೂಪಾಯಿಗೆ ಜಗಳ. ಇದು ಯಾವ ನ್ಯಾಯ?

ಮುಂದಿನ ಕತ್ತಿ ಕುಲುಮೆಯಲ್ಲೇ ಮಾಡಿಸಿ. ಹೇಳಿದ ಬೆಲೆ ಕೊಡಿ. "ನಿಮ್ಮ ಹೆಸರು ಅಲಗಿನ ಮೇಲೆ ಹೊಡೆಯಿರಿ" ಅಂತ ನೀವೇ ಕೇಳಿ. ಹುರಿ ಸುತ್ತಿದ ಹಿಡಿಯೇ ಬೇಕಾದರೆ ಅದನ್ನೂ ಅವರಿಂದಲೇ ಸುತ್ತಿಸಿಕೊಳ್ಳಿ, ಮಾಡಿಕೊಡುತ್ತಾರೆ.

ಅಂದ ಹಾಗೆ, ನಿಮ್ಮೂರಲ್ಲಿ ಕುಲುಮೆ ಇನ್ನೂ ಉರಿಯುತ್ತಿದೆಯಾ? ಎಲ್ಲಿ ಅಂತ ಕಮೆಂಟಿನಲ್ಲಿ ತಿಳಿಸಿ. ಇಲ್ಲೇ ಒಂದು ಪಟ್ಟಿ ಮಾಡೋಣ.