ಕಮ್ಮಟದ ನಡುವೆ ಕಂಚುಗಾರ ಹಕ್ಕಿ

ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯರಾಗಿರುವ ಮಿತ್ರರನ್ನು ಕಾಣಲು ಕಳೆದ ಬೇಸಗೆಯ ಮೊದಲಲ್ಲಿ ಹೋಗಿದ್ದೆ. ಅವರು ವ್ಯಾಕರಣದ ಪಾಠ ಹೇಳುತ್ತಿದ್ದರು. ಕಿಟಕಿಯಾಚೆ ತಗಡು ಒತ್ತುವ ಪವರ್ ಪ್ರೆಸ್ಸುಗಳ ಕಾರ್ಖಾನೆ. ಅದರಾಚೆ ಲಾರಿಗಳ ರಸ್ತೆ. ಪ್ರೆಸ್ಸು ಬಡಿಯುವಾಗ ಮಿತ್ರರು ಮಾತು ನಿಲ್ಲಿಸುವರು. ಬಡಿತ ನಿಂತೊಡನೆ ವಾಕ್ಯದ ಉಳಿದರ್ಧವನ್ನು ಹೇಳುವರು. ಇದೆಷ್ಟು ರೂಢಿಯಾಗಿದೆಯೆಂದರೆ, ಮನೆಯಲ್ಲಿಯೂ ಅವರ ಮಾತು ಹಾಗೆಯೇ ತುಂಡುತುಂಡಾಗಿ ಬರುತ್ತದೆ. “ಪಾಠ ಹೇಳಿ ನಾನು ದಣಿಯುವುದಿಲ್ಲ ಸ್ವಾಮಿ, ಆ ಸದ್ದನ್ನು ಕೇಳದೆ ಇರುವ ಪ್ರಯತ್ನದಲ್ಲಿ ದಣಿಯುತ್ತೇನೆ” ಎಂದರು.

ಮಿತ್ರರು ಮನಶ್ಶಾಸ್ತ್ರ ಓದಿದವರಲ್ಲ. ಆದರೆ ಅವರಾಡಿದುದು ಶಾಸ್ತ್ರಸಮ್ಮತವಾದ ಮಾತು. ಇಚ್ಛಾಪೂರ್ವಕವಾಗಿ ಕೊಡುವ ಗಮನ ಬೇರೆ, ತಾನಾಗಿ ಹರಿಯುವ ಗಮನ ಬೇರೆ ಎಂದು ವಿಲಿಯಂ ಜೇಮ್ಸ್ 19ನೆಯ ಶತಮಾನದ ಕೊನೆಯಲ್ಲಿಯೇ ವಿಂಗಡಿಸಿದ್ದನು. ಅಮೆರಿಕದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಗಳು 1989ರ ತಮ್ಮ ಗ್ರಂಥದಲ್ಲಿ ಆ ವಿಚಾರವನ್ನು ಬೆಳೆಸಿದರು. ಒಂದು ಕೆಲಸದಲ್ಲಿ ಮನಸ್ಸನ್ನು ನಿಲ್ಲಿಸಬೇಕಾದರೆ ಉಳಿದ ಸೆಳೆತಗಳನ್ನೆಲ್ಲ ದೂಡುತ್ತಿರಬೇಕು. ಬಳಲುವುದು ಈ ದೂಡುವ ಶಕ್ತಿಯೇ. ಎಲೆಗಳ ಮರ್ಮರ, ನೀರಿನ ಸಪ್ಪಳ, ಹಕ್ಕಿಯ ದನಿ ಇವು ಗಮನವನ್ನು ಬೇಡುವುದಿಲ್ಲ, ಮೆಲ್ಲಗೆ ಕರೆಯುತ್ತವೆ. ಅಷ್ಟು ಹೊತ್ತು ಆ ಶಕ್ತಿಗೆ ಬಿಡುವು.

ಮಧ್ಯಾಹ್ನದ ಬಿಡುವಿನಲ್ಲಿ ಅಂಗಳದ ಅತ್ತಿಮರದ ಕೆಳಗೆ ಕುಳಿತಿದ್ದೆವು. ಪ್ರೆಸ್ಸು ಊಟಕ್ಕೆ ನಿಂತಿತ್ತು. ಆದರೂ ಎಲ್ಲಿಂದಲೋ ಟುಕ್, ಟುಕ್, ಟುಕ್ ಎಂದು ತಗಡಿನ ಮೇಲೆ ಸುತ್ತಿಗೆ ಆಡಿಸಿದಂತೆ ಒಂದೇ ಸಮನೆ ಸದ್ದು. ಯಾರಪ್ಪಾ ಇವನು, ಊಟದ ಹೊತ್ತಿನಲ್ಲಿಯೂ ಬಿಡದವನು ಎಂದು ನಾನು ಗೊಣಗಿದೆ. ಮಿತ್ರರು ನಕ್ಕು ಮೇಲೆ ತೋರಿಸಿದರು. ಒಣಕೊಂಬೆಯ ತುದಿಯಲ್ಲಿ ಗುಬ್ಬಿಗಿಂತ ತುಸು ದೊಡ್ಡ ಹಸಿರು ಹಕ್ಕಿ, ಹಣೆಯಲ್ಲಿ ಕೆಂಪು ಬೊಟ್ಟು: ಕಂಚುಗಾರ ಹಕ್ಕಿ! ಲೋಹ ಬಡಿಯುವ ಈ ಪ್ರದೇಶಕ್ಕೆ ಇದಕ್ಕಿಂತ ಒಪ್ಪುವ ನಿವಾಸಿ ಇನ್ನಾವುದು?

ಆದರೆ ಇದೊಂದು ಒಗಟು. ಇದೂ ಬಡಿತವೇ, ಅದೂ ಬಡಿತವೇ. ಒಂದು ದಣಿಸುತ್ತದೆ, ಇನ್ನೊಂದು ತಣಿಸುತ್ತದೆ; ಏಕೆ? ಸದ್ದಿನ ಪ್ರಮಾಣವೇ ಮೊದಲ ಕಾರಣವೆಂಬುದು ನಿಶ್ಚಯ; ಆದರೆ ಅದೊಂದೇ ಅಲ್ಲ. ಸ್ವೀಡನ್ನಿನ ಯೆವ್ಲೆ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದೇ ಮೊರೆತವನ್ನು ಕೆಲವರಿಗೆ ಜಲಪಾತವೆಂದೂ ಕೆಲವರಿಗೆ ಕಾರ್ಖಾನೆಯ ಯಂತ್ರವೆಂದೂ ಹೇಳಿ ಕೇಳಿಸಿದರು. ಜಲಪಾತವೆಂದು ನಂಬಿದವರಿಗೆ ಹೆಚ್ಚು ವಿಶ್ರಾಂತಿ ದೊರೆತಂತೆ ಅನಿಸಿತು. ಕಿವಿ ಕೇಳುವುದರ ಜೊತೆಗೆ ಮನಸ್ಸು ಅರ್ಥ ಹಚ್ಚುತ್ತದೆ. ಹಾಗಾದರೆ ಯಂತ್ರದ ಸದ್ದಿನಲ್ಲಿಯೇ ಅನ್ನ ಕಾಣುವ ಲೇತ್ ಕೆಲಸಗಾರನಿಗೆ ಅದು ಹೇಗೆ ಕೇಳಿಸೀತು? ಉಳಿ ಮೊಂಡಾದುದನ್ನು ಅವನು ಸದ್ದಿನಿಂದಲೇ ಅರಿಯುತ್ತಾನೆ. ಆದುದರಿಂದ ಅವನಿಗೆ ಯಂತ್ರದಿಂದ ಕಿವಿ ತೆಗೆಯುವ ಸ್ವಾತಂತ್ರ್ಯವೇ ಇಲ್ಲ. ಹಕ್ಕಿಯ ದನಿ ಅವನಿಂದ ಏನನ್ನೂ ಕೇಳುವುದಿಲ್ಲ. ಭೇದ ಇಲ್ಲಿದೆಯೆಂದು ನನಗೆ ತೋರುತ್ತದೆ.

ಇದೆಲ್ಲ ಕವಿಕಲ್ಪನೆಯೆನ್ನುವವರು ಸ್ಟಾಕ್‌ಹೋಮಿನ 2010ರ ಪ್ರಯೋಗವನ್ನು ನೋಡಬಹುದು. ಕಠಿಣವಾದ ಮನೋಗಣಿತ ಮಾಡಿಸಿದ ಮೇಲೆ ಕಾರಂಜಿ ಮತ್ತು ಹಕ್ಕಿಗಳ ಸದ್ದನ್ನು ಕೇಳಿದವರ ಚರ್ಮದ ವಿದ್ಯುದ್ವಾಹಕತೆ, ವಾಹನಗಳ ಗದ್ದಲ ಕೇಳಿದವರದಕ್ಕಿಂತ ಬೇಗ ಸಹಜಸ್ಥಿತಿಗೆ ಮರಳಿತು. ಹೃದಯದ ಅಳತೆಯಲ್ಲಿ ಮಾತ್ರ ಅಂಥ ಭೇದ ಕಾಣಲಿಲ್ಲ. ಅದನ್ನೂ ಹೇಳಬೇಕಾದುದು ನ್ಯಾಯ.

ಹಾಗೆಂದು ಗದ್ದಲದ ಮೇಲೆ ಧ್ವನಿಮುದ್ರಿತ ಜಲಪಾತವನ್ನು ಸುರಿದರೆ ಗದ್ದಲ ಹೆಚ್ಚೀತೇ ಹೊರತು ತಗ್ಗದು. ಮೊದಲು ತಗ್ಗಬೇಕಾದುದು ಮೂಲದ ಸದ್ದು. ನ್ಯೂಯಾರ್ಕಿನಲ್ಲಿ ಮೇಲ್ಸೇತುವೆಯ ರೈಲಿನ ಪಕ್ಕದ ಕೋಣೆಗಳಲ್ಲಿ ಕಲಿತ ಮಕ್ಕಳು ಓದಿನಲ್ಲಿ ಹಿಂದುಳಿದುದನ್ನು 1975ರಲ್ಲಿ ಬ್ರಾನ್‌ಜಾಫ್ಟ್ ಮತ್ತು ಮೆಕಾರ್ಥಿ ತೋರಿಸಿದರು. ಹಳಿಗಳಡಿ ರಬ್ಬರ್ ಹಾಸಿ, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಿದ ಮೇಲೆ ಆ ಅಂತರ ಅಳಿಯಿತೆಂದು 1981ರಲ್ಲಿ ವರದಿಯಾಯಿತು. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿನಲ್ಲಿ ಕೈಗಾರಿಕಾ ಪ್ರದೇಶಕ್ಕೆ 75 ಡೆಸಿಬೆಲ್, ನಿಶ್ಶಬ್ದ ವಲಯಕ್ಕೆ 50 ಡೆಸಿಬೆಲ್ ಎಂದು ಮಿತಿ ಹಾಕಿವೆ. ಕೇವಲ 25ರ ಅಂತರವೆಂದು ವಾಚಕರು ಭಾವಿಸಬಾರದು. ಶಬ್ದಶಕ್ತಿಯಲ್ಲಿ ಅದು 300 ಪಟ್ಟಿಗೂ ಮಿಕ್ಕ ಅಂತರ. ಶಾಲೆಯ ಸುತ್ತಣ 100 ಮೀಟರು ಮೊದಲು ನಿಶ್ಶಬ್ದ ವಲಯವೇ ಆಗಿದ್ದಿತು. 2017ರ ತಿದ್ದುಪಡಿಯ ತರುವಾಯ ಸರ್ಕಾರ ಘೋಷಿಸಿದಲ್ಲದೆ ಹಾಗೆನಿಸದು. ಪೀಣ್ಯದಂತಹ ಕಡೆಯ ಶಾಲೆಗಳಿಗೆ ಈ ಘೋಷಣೆಯನ್ನು ಒತ್ತಾಯದಿಂದ ಕೇಳುವುದು ಉಪಾಧ್ಯಾಯರ ಮತ್ತು ಪೋಷಕರ ಹಕ್ಕು.

ಮರದ ಪ್ರಶ್ನೆ ಇನ್ನೂ ಸಣ್ಣದು. ಕಂಚುಗಾರ ಹಕ್ಕಿ ಒಣಗಿದ ಮೆದುಮರದಲ್ಲಿ ಪೊಟರೆ ಕೊರೆದು ಗೂಡು ಮಾಡುತ್ತದೆ. ಅತ್ತಿ, ಆಲ, ಅರಳಿಗಳ ಹಣ್ಣು ಅದರ ಆಹಾರ. ಶಾಲೆಯ ಆಡಳಿತದವರು ಆ ಒಣಕೊಂಬೆಯನ್ನು ಕಡಿಸಲು ನಿಶ್ಚಯಿಸಿದ್ದಾರಂತೆ. ಮಕ್ಕಳ ಮೇಲೆ ಬಿದ್ದೀತೆಂಬ ಅವರ ಭಯ ಹುರುಳಿಲ್ಲದುದಲ್ಲ. ಕೊಂಬೆಯ ಬುಡವನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಕೆಳಗೆ ಒಂದು ಬೇಲಿ ಹಾಕಿದರೆ ಸಾಲದೆ ಎಂದು ಮಿತ್ರರು ಬರೆದುಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.