27 ಪಾಯಿಂಟಿನ ಮಂತ್ರವಾದಿ

ಈ ವಾರದ ಕಾಗದ ಅಮ್ಮಿನಬಾವಿಯಿಂದ ಬಂದಿದೆ. ಬರೆದವರು ಎಪ್ಪತ್ತು ದಾಟಿದ ರೈತರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಏಳನೇ ತರಗತಿಯ ಮೊಮ್ಮಗನ ಗಣಿತದ ನೋಟ್‌ಬುಕ್ಕಿನ ಕೊನೆಯ ನಾಲ್ಕು ಹಾಳೆಗಳ ಜೆರಾಕ್ಸನ್ನೂ ಜೊತೆಗಿಟ್ಟಿದ್ದಾರೆ. ಅವರ ಮಾತನ್ನು ಅವರ ಧಾಟಿಯಲ್ಲೇ ಓದಿ:

“ವಹಿ ಹಿಂದ ತಿರುವಿ ನೋಡಿದ್ರ ‘ಶಕ್ತಿ 8, ಬುದ್ಧಿ 15, ಮಳಿ, ಮಿಂಚು, ಕಲ್ಲು’ ಅಂತ ಏನೇನೋ ಬರದಾನ. ಕೂಡಿಸ್ಯಾನ, ಗುಣಸ್ಯಾನ, ಕಾಟ ಹೊಡದಾನ. ಮುಂದಿನ ಹಾಳ್ಯಾಗ ದಶಮಾಂಶದ ಲೆಕ್ಕ ಎಲ್ಲಾ ತಪ್ಪು. ಗಣಿತಕ್ಕ ದಡ್ಡ ಅಂತ ಸಾಲ್ಯಾಗ ಹೆಸರಾಗೇತಿ. ಇದರ ಮ್ಯಾಲ 799 ರೂಪಾಯಿ ಕೊಟ್ರ ಮಿಂಚಿನ ಕತ್ತಿ ಬರತೈತಿ ಅಂತ ಅವರವ್ವನ್ನ ಕಾಡಾಕತ್ತಾನ. ಇದೇನು ಮಾಟದ ಪುಸ್ತಕೇನ್ರಿ? ಫೋನ್ ಕಸಗೊಂಡು ಬಿಡ್ಲ್ಯಾ?”

ಅಜ್ಜಾರೇ, ಕಸಿದುಕೊಳ್ಳುವ ಮೊದಲು ಆ ಹಾಳೆಗಳನ್ನು ಒಮ್ಮೆ ಓದೋಣ. ನಾನಂತೂ ಎರಡು ಸಲ ಓದಿದೆ. ಅದು ಮಾಟವಲ್ಲ, ಲೆಕ್ಕ.

ಮೊದಲ ಹಾಳೆಯಲ್ಲಿ ಇರುವುದು ಪಾತ್ರ ಕಟ್ಟುವ ಲೆಕ್ಕ. ಮಕ್ಕಳು ಇದನ್ನು ‘ಬಿಲ್ಡ್’ ಅನ್ನುತ್ತಾರೆ. ಆಟ ಶುರುವಾಗುವ ಮೊದಲೇ ಒಬ್ಬ ವೀರನನ್ನೋ ಮಂತ್ರವಾದಿಯನ್ನೋ ನಾವೇ ತಯಾರು ಮಾಡಿಕೊಳ್ಳಬೇಕು. ಇದರ ಮೂಲ ಕಂಪ್ಯೂಟರಲ್ಲ, ಕಾಗದ ಮತ್ತು ಪೆನ್ಸಿಲ್ಲು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕಥೆ ಹೇಳಿಕೊಳ್ಳುತ್ತ ಆಡುವ ಆಟ. ಅದರಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಇವತ್ತು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮಕ್ಕಳು ಆಡುವ ಎಷ್ಟೋ ಆಟಗಳು ಅದರ ಮಕ್ಕಳು, ಮೊಮ್ಮಕ್ಕಳು.

ಆ ಆಟದ 2014ರ ನಿಯಮಪುಸ್ತಕದಲ್ಲಿ, ದಾಳದ ಅದೃಷ್ಟ ಬೇಡ ಅನ್ನುವವರಿಗೆ ಒಂದು ದಾರಿಯಿದೆ. ಆರೂ ಗುಣಗಳು 8ರಿಂದ ಶುರು. ಕೈಗೆ 27 ಪಾಯಿಂಟ್ ಕೊಡುತ್ತಾರೆ. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಪಾಯಿಂಟ್. ಆಮೇಲೆ ದುಬಾರಿ: 14ಕ್ಕೂ 15ಕ್ಕೂ ಎರಡೆರಡು. ಅಂದರೆ 8ರಿಂದ 13ಕ್ಕೆ 5 ಪಾಯಿಂಟ್, 15ಕ್ಕೆ 9. ಹಾಗಾಗಿ 27ರಲ್ಲಿ ಮೂರು ಗುಣಗಳನ್ನು 15ಕ್ಕೆ ಏರಿಸಬಹುದು, ಉಳಿದ ಮೂರು 8ರಲ್ಲೇ ಬಿದ್ದಿರುತ್ತವೆ. ಇಲ್ಲವೇ ಮೂರನ್ನು 13ಕ್ಕೆ, ಮೂರನ್ನು 12ಕ್ಕೆ ತಂದು ಎಲ್ಲರಿಗೂ ಸಮಪಾಲು ಕೊಡಬಹುದು.

ಯಾವುದು ಲಾಭ? ಆಟದಲ್ಲಿ 8 ಇದ್ದರೆ ದಾಳದ ಎಣಿಕೆಯಿಂದ 1 ಕಳೆಯುತ್ತಾರೆ. 12 ಅಥವಾ 13 ಇದ್ದರೆ 1 ಕೂಡುತ್ತಾರೆ, 14 ಅಥವಾ 15 ಇದ್ದರೆ 2. ಈಗ ಕೂಡಿಸಿ. ಸಮಪಾಲಿನವನಿಗೆ ಆರು ಗುಣಕ್ಕೂ ಒಂದೊಂದು, ಒಟ್ಟು 6. ಮೂರೇ ಗುಣ ಏರಿಸಿಕೊಂಡವನಿಗೆ 6 ಬಂದು 3 ಹೋಗಿ, ಉಳಿಯುವುದು 3. ಸಮಪಾಲೇ ಗೆದ್ದಿತಲ್ಲ! ಆದರೂ ಪಳಗಿದ ಆಟಗಾರರು ಮೂರೇ ಗುಣ ಏರಿಸುತ್ತಾರೆ. ಕಾರಣ, ಮಂತ್ರವಾದಿ ಮಂತ್ರ ಹಾಕುವುದು ಬುದ್ಧಿಯಿಂದ. ಬಂಡೆ ಎತ್ತುವುದಕ್ಕೆ ಅವನ ಪಕ್ಕದಲ್ಲಿ ಪೈಲ್ವಾನ್ ಗೆಳೆಯನಿದ್ದಾನೆ. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ನಡೆಸುವವನೇ ಚೀಲ ಎಣಿಸಿ, ಬುತ್ತಿಯನ್ನೂ ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಒಬ್ಬನೇ ಆಡುವ ಆಟವಾದರೆ ಮಾತು ಬೇರೆ, ಅಲ್ಲಿ ಸಮಪಾಲಿಗೂ ಬೆಲೆ ಬರುತ್ತದೆ.

ಹುಡುಗನ ಹಾಳೆಯಲ್ಲಿ ಇನ್ನೊಂದು ಕಾಟು ಕಂಡಿತು. ಒಂದು ಗುಣಕ್ಕೆ 13 ಎಂದು ಬರೆದು, ಹೊಡೆದುಹಾಕಿ, 12 ಮಾಡಿದ್ದಾನೆ. ಸರಿಯಾಗಿಯೇ ಮಾಡಿದ್ದಾನೆ. 12ಕ್ಕೂ 13ಕ್ಕೂ ಫಲ ಒಂದೇ, ಆ ಒಂದು ಪಾಯಿಂಟ್ ದಂಡ. ಬಸ್ಸಿನಲ್ಲಿ ಮುಂದಿನ ಸ್ಟೇಜಿನ ಟಿಕೆಟ್ ತೆಗೆಸಿ ಹಿಂದಿನ ನಿಲ್ದಾಣದಲ್ಲೇ ಇಳಿದ ಹಾಗೆ. ಆದರೆ ಬುದ್ಧಿಯನ್ನು ಮಾತ್ರ 14ರಲ್ಲಿ ನಿಲ್ಲಿಸದೆ 15 ಮಾಡಿದ್ದಾನೆ. ಯಾಕೆಂದರೆ ಆಟ ಆಮೇಲೆ ಬಿಟ್ಟಿಯಾಗಿ ಕೊಡುವ ಒಂದು ಪಾಯಿಂಟ್ ಸೇರಿದರೆ ಅದು 16, ಆಗ 3 ಕೂಡುತ್ತಾರೆ. ಬರುವ ತಿಂಗಳ ಜಮೆಯನ್ನೂ ಇವತ್ತೇ ಲೆಕ್ಕಕ್ಕೆ ತಗೊಂಡಿದ್ದಾನೆ. ದಡ್ಡ ಅನ್ನುವವರು ಈ ಹಾಳೆ ನೋಡಿಲ್ಲ.

ಎರಡನೇ ಹಾಳೆಯ ಆಟ ಬೇರೆ, ಪೋಕೆಮಾನ್. ಟಿವಿಯಲ್ಲಿ ನೋಡಿದ ಮಕ್ಕಳು ಬಹಳ. 1996ರಲ್ಲಿ ಜಪಾನಿನಲ್ಲಿ ಶುರುವಾದದ್ದು. ಅದರಲ್ಲಿ ಅಂಕಗಳು ಕೂಡುವುದಕ್ಕಿಂತ ಹೆಚ್ಚಾಗಿ ಗುಣಿಸಿಕೊಳ್ಳುತ್ತವೆ. ನೀರಿನ ಪ್ರಾಣಿಯೇ ನೀರಿನ ಏಟು ಹಾಕಿದರೆ ಬಲ ಒಂದೂವರೆ ಪಟ್ಟು. ಮಳೆ ಸುರಿಯುತ್ತಿದ್ದರೆ ಇನ್ನೊಂದು ಒಂದೂವರೆ. ಎದುರಿಗೆ ಓನಿಕ್ಸ್ ಎಂಬ ಕಲ್ಲು-ಮಣ್ಣಿನ ಹಾವು ಇದ್ದರೆ, ಕಲ್ಲಿಗೆ ಎರಡು ಪಟ್ಟು, ಮಣ್ಣಿಗೆ ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು ಏಟು. ಹುಡುಗ ಬರೆದಿದ್ದಾನೆ: 1.5 × 1.5 × 4 = 9. ಇದೇ ದಶಮಾಂಶದ ಗುಣಾಕಾರವಲ್ಲವೇ ಅಜ್ಜಾರೇ, ಮುಂದಿನ ಹಾಳೆಯಲ್ಲಿ ತಪ್ಪಾಗಿದ್ದದ್ದು?

ಅದರ ಕೆಳಗಿನ ಲೆಕ್ಕ ನನಗೆ ಎಲ್ಲಕ್ಕಿಂತ ಹಿಡಿಸಿತು. ಆ ಆಟದಲ್ಲಿ ‘ರೇನ್ ಡ್ಯಾನ್ಸ್’ ಎಂಬ ವಿದ್ಯೆಯಿಂದ ಮಳೆ ಬರಿಸಬಹುದು. ಬರಿಸುವುದಕ್ಕೆ ನಮ್ಮ ಒಂದು ಸರದಿ ಹೋಗುತ್ತದೆ, ಆ ಸರದಿಯಲ್ಲಿ ಏಟು ಹಾಕುವ ಹಾಗಿಲ್ಲ. ಬರಿಸಿದ ಸರದಿಯೂ ಸೇರಿ ಮಳೆ ಇರುವುದು ಐದೇ ಸರದಿ. ಹಾಗಾದರೆ ಮಳೆ ಬರಿಸುವುದು ಲಾಭವೋ ನಷ್ಟವೋ?

ಸಾದಾ ಏಟಿಗೆ 1 ಅಂತ ಹಿಡಿಯೋಣ. ಮಳೆ ಬರಿಸದವನು ಎರಡು ಸರದಿಯಲ್ಲಿ 2 ಏಟು ಹಾಕಿದ. ಬರಿಸಿದವನದು ಒಂದೇ ಏಟು, ಒಂದೂವರೆ. ಹಿಂದೆ ಬಿದ್ದ. ಮೂರನೇ ಸರದಿಗೆ ಇವನದು 3, ಅವನದು ಎರಡು ಒಂದೂವರೆ, ಅದೂ 3. ಸಮ. ನಾಲ್ಕಕ್ಕೆ ಇವನದು 4, ಅವನದು ನಾಲ್ಕೂವರೆ. ಐದಕ್ಕೆ 5 ಮತ್ತು 6. ಅಂದರೆ ಎದುರಾಳಿ ಮೂರು ಏಟಿನೊಳಗೆ ಬೀಳುವವನಾದರೆ ಮಳೆ ಬರಿಸುವುದು ದಂಡ, ಗಟ್ಟಿ ಆಸಾಮಿಯಾದರೆ ಲಾಭ. ಹುಡುಗ ‘3 ಏಟು = ಸಮ’ ಎಂದು ಬರೆದು ಸುತ್ತ ಗೆರೆ ಎಳೆದಿದ್ದಾನೆ. ಅಜ್ಜಾರೇ, ಬಾಡಿಗೆಗೆ ಯಂತ್ರ ತರಿಸುವ ಮುಂಚೆ ಎಷ್ಟು ಎಕರೆ ಇದ್ದರೆ ಗಿಟ್ಟುತ್ತದೆ ಎಂದು ನೀವು ಎಣಿಸುವುದಿಲ್ಲವೇ? ಅದೇ ಲೆಕ್ಕ, ಕಾಲ ಮಾತ್ರ ಬೇರೆ.

ಮಳೆಯ ಜೊತೆ ಮಿಂಚಿನ ಜೋಡಿಯೂ ಇದೆ. ‘ಥಂಡರ್’ ಎಂಬ ಸಿಡಿಲಿನ ಏಟು ಸಾಮಾನ್ಯವಾಗಿ ನೂರಕ್ಕೆ 70 ಸಲ ಮಾತ್ರ ತಗಲುತ್ತದೆ. ಮಳೆಯಲ್ಲಿ ಗುರಿ ತಪ್ಪುವುದೇ ಇಲ್ಲ. ಆದರೆ ಮೊದಲು ಮಳೆ, ಆಮೇಲೆ ಸಿಡಿಲು. ಸಿಡಿಲು ಹಾಕಿ ಮಳೆ ಬರಿಸಿದರೆ ಏನೂ ಆಗುವುದಿಲ್ಲ. ಜೋಡಿ ಮಂತ್ರದಲ್ಲಿ ಮಂತ್ರದಷ್ಟೇ ಸರದಿಯೂ ಮುಖ್ಯ.

ಇದಕ್ಕೆ ಸಾಕ್ಷಿ ನಿಮ್ಮೂರಲ್ಲೇ ಇದೆ. ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ ಬರುವ ಮಲಪ್ರಭೆಯ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ಹಸನಾಗಿ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹೋಗುತ್ತದೆ. ಇಂಥ ಘಟಕಗಳಲ್ಲಿ ಸಾಮಾನ್ಯ ಕ್ರಮ ಹೀಗೆ: ಮೊದಲು ಪಟಕ ಹಾಕಿ ರಾಡಿಯನ್ನು ಗಂಟುಕಟ್ಟಿಸಿ ತಳಕ್ಕೆ ಇಳಿಸುತ್ತಾರೆ, ಆಮೇಲೆ ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್. ರಾಡಿ ನೀರಿಗೇ ಕ್ಲೋರಿನ್ ಸುರಿದರೆ ಬಹುಪಾಲು ಕಸದ ಜೊತೆ ಬಡಿದಾಡಿಯೇ ಮುಗಿಯುತ್ತದೆ, ರೋಗಾಣುಗಳಿಗೆ ಉಳಿಯುವುದು ಕಡಿಮೆ. ಮಕ್ಕಳೇ, ಮಳಿ-ಮಿಂಚಿನ ಲೆಕ್ಕ ಬಂದವರಿಗೆ ಇದನ್ನು ಬಾಯಿಪಾಠ ಮಾಡುವ ಕೆಲಸವಿಲ್ಲ.

ಮೂರನೇ ಹಾಳೆಯಲ್ಲಿ ‘ಎಲ್ಲಾ ಪಾಯಿಂಟ್ ಜೀವಕ್ಕೇ ಹಾಕಿದರೆ?’ ಎಂದು ಪ್ರಶ್ನೆ ಹಾಕಿ ಬಿಟ್ಟಿದ್ದಾನೆ. ಉತ್ತರಕ್ಕೆ 2022ರ ‘ಎಲ್ಡನ್ ರಿಂಗ್’ ಎಂಬ ಆಟದ ಅಂಕಿ ಎರವಲು ತರುತ್ತೇನೆ. ಅದು ದೊಡ್ಡವರ ಆಟ, ಲೆಕ್ಕ ಮಾತ್ರ ತಗೊಳ್ಳಿ, ಆಟ ಬೇಡ. ಅದರಲ್ಲಿ ದೇಹಬಲ 40 ಇದ್ದರೆ ಜೀವ 1450. 60 ಆದರೆ 1900. ಪೂರ್ತಿ 99ಕ್ಕೆ ಏರಿಸಿದರೂ 2100 ಮಾತ್ರ. ಮೊದಲ 20 ಪಾಯಿಂಟಿಗೆ 450 ಸಿಕ್ಕಿತು, ನಂತರದ 39 ಪಾಯಿಂಟಿಗೆ ಬರೇ 200. ಮೊದಲ ಚೀಲ ಗೊಬ್ಬರಕ್ಕೆ ಜೋಳ ಏಳುವಷ್ಟು ಮೂರನೇ ಚೀಲಕ್ಕೆ ಏಳುವುದಿಲ್ಲ ಎಂದು ಅಜ್ಜನನ್ನು ಕೇಳಿದ್ದರೆ ಹೇಳುತ್ತಿದ್ದರು.

ನಾಲ್ಕನೇ ಹಾಳೆಯಲ್ಲಿ ಒಂದೇ ಸಾಲು: ‘ದೊಡ್ಡ ಮಂತ್ರ ಒಂದೇ ಸಲ, ರಾಜನಿಗೇ ಇಡಬೇಕು.’ ಇದನ್ನು ಅಜ್ಜಿಗೆ ಓದಿ ಹೇಳು ತಮ್ಮಾ. ಗದುಗಿನ ಭಾರತದ ದ್ರೋಣಪರ್ವ ಕೇಳಿದ ಅಜ್ಜಿಯಾದರೆ, ಇಂದ್ರ ಕೊಟ್ಟ ಒಂದೇ ಸಲದ ಶಕ್ತ್ಯಾಯುಧವನ್ನು ಕರ್ಣ ಯಾರಿಗೆಂದು ಎತ್ತಿಟ್ಟಿದ್ದ, ರಾತ್ರಿಯ ಯುದ್ಧದಲ್ಲಿ ಅದು ಯಾರ ಮೇಲೆ ಖರ್ಚಾಯಿತು, ಆ ಖರ್ಚಿಗೆ ಕೃಷ್ಣ ಯಾಕೆ ಹಿಗ್ಗಿದ ಎಂದು ಅವರೇ ಹೇಳುತ್ತಾರೆ. ನಾನು ಹೇಳಿದರೆ ಅಷ್ಟು ರುಚಿ ಬರುವುದಿಲ್ಲ.

ಈಗ ಅಜ್ಜನ ಪ್ರಶ್ನೆಗೆ ನನ್ನ ಉತ್ತರ. 799 ರೂಪಾಯಿ ಕೊಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕತ್ತಿ ದುಡ್ಡಿಗೆ ಬಂದರೆ ಈ ನಾಲ್ಕು ಹಾಳೆಗಳ ಕೆಲಸವೇ ಇರುವುದಿಲ್ಲ, ಮುಂದಿನ ತಿಂಗಳು ಅದಕ್ಕಿಂತ ದೊಡ್ಡ ಕತ್ತಿ ಅಂಗಡಿಗೆ ಬರುತ್ತದೆ. ಫೋನಿನಲ್ಲಿ ದುಡ್ಡು ಕಟ್ಟುವ ಜಾಗಕ್ಕೆ ಗುಪ್ತಸಂಖ್ಯೆ ಹಾಕಿಸಿ, ಅದು ಮೊಮ್ಮಗನಿಗೆ ಗೊತ್ತಿಲ್ಲದಿರಲಿ. ಫೋನ್ ಪೂರಾ ಕಸಿದುಕೊಳ್ಳಬೇಡಿ, ದಿನಕ್ಕೆ ಇಷ್ಟು ಹೊತ್ತು ಎಂದು ಕಟ್ಟು ಹಾಕಿ. ಎಷ್ಟು ಹೊತ್ತು ಎಂಬುದು ನಿಮ್ಮ ಮನೆಯ ಮಾತು. ಎಲ್ಲಕ್ಕಿಂತ ಮುಖ್ಯ, ಆ ನೋಟ್‌ಬುಕ್ ಹಿಡಿದುಕೊಂಡು ನೀವೇ ಒಂದು ದಿನ ಶಾಲೆಗೆ ಹೋಗಿ ಗಣಿತದ ಮೇಷ್ಟ್ರಿಗೆ ಹಿಂದಿನ ಹಾಳೆ ತೋರಿಸಿ. ‘1.5 × 1.5’ ಎಂದು ಬರೀ ಅಂಕಿ ಕೊಟ್ಟಾಗ ತಪ್ಪುವ ಹುಡುಗ, ಮಳೆ ಮತ್ತು ನೀರು ಎಂದು ಕೊಟ್ಟಾಗ ತಪ್ಪುವುದಿಲ್ಲ. ಇದು ಮೇಷ್ಟ್ರಿಗೆ ಗೊತ್ತಾಗಲೇಬೇಕಾದ ಸಂಗತಿ. ಹೋಗುವ ಮುಂಚೆ ಹುಡುಗನನ್ನು ಕೇಳಿ ಹೋಗಿ, ಗುಟ್ಟಿನ ಹಾಳೆ ಅವನದು.

ಮಕ್ಕಳೇ, ಈ ವಾರದ ಲೆಕ್ಕ. ನಿಮ್ಮ ವೀರನ ಒಂದೊಂದು ಏಟಿನ ಬಲ 4, ಒಂದು ಸರದಿಗೆ 10 ಏಟು, ಒಟ್ಟು 40. ಹೊಸದಾಗಿ 6 ಪಾಯಿಂಟ್ ಸಿಕ್ಕಿದೆ. ಒಂದು ಪಾಯಿಂಟಿಗೆ ಬಲ ಒಂದು ಏರುತ್ತದೆ, ಅಥವಾ ಏಟು ಒಂದು ಏರುತ್ತದೆ. ಹೇಗೆ ಹಂಚಿದರೆ ಗುಣಲಬ್ಧ ಎಲ್ಲಕ್ಕಿಂತ ದೊಡ್ಡದು? ತಡವಾದರೆ ಅಜ್ಜನನ್ನು ಕೇಳಿ: 40 ಮೀಟರ್ ತಂತಿಯಲ್ಲಿ ನಾಲ್ಕು ಮೂಲೆಯ ಬೇಲಿ ಹಾಕಿದರೆ ಯಾವ ಆಕಾರದ ಹೊಲಕ್ಕೆ ಜಾಗ ಹೆಚ್ಚು?

ಅಜ್ಜ-ಅಜ್ಜಿಯರಿಗೆ ಬೇರೆ ಲೆಕ್ಕ, ಸುಮ್ಮನೆ ಬಿಡುವುದಿಲ್ಲ. ಅದೇ ವೀರ, ಅದೇ 6 ಪಾಯಿಂಟ್. ಆದರೆ ಬಲ ಒಂದು ಏರಿಸಲು 2 ಪಾಯಿಂಟ್ ಬೇಕು, ಏಟಿಗೆ ಒಂದೇ ಸಾಕು. ಈಗ ಹಂಚಿ. ಉತ್ತರವನ್ನು ಮೊಮ್ಮಕ್ಕಳ ಕೈಯಲ್ಲಿ ತಾಳೆ ನೋಡಿಸಿಯೇ ಕಳಿಸಬೇಕು.